ಉಳವಪ್ಪನ ಗಾಡಿ ಇಳಿಸಿದ್ದು

ಕುಂಬಾರವಾಡ
೪ ಫೆಬ್ರವರಿ ೨೦೨೪

ತಮ್ಮಾ ಸಿದ್ದಲಿಂಗ,

ವಸ್ತಿ ಬಸ್ಸಿನ ಕಂಡಕ್ಟರ್ ಈ ಪತ್ರವನ್ನು ದಾಂಡೇಲಿಯ ನಿನ್ನ ಗ್ಯಾರೇಜಿಗೆ ತಂದು ಕೊಟ್ಟಾಗ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನ್ ಮಾಡಬೇಕೆಂದರೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು, ಅಷ್ಟು ಹೊತ್ತು ನಮ್ಮ ಯಜಮಾನರನ್ನು, ನಿನ್ನ ಮಾಮಾನನ್ನು, ಬಿಟ್ಟು ಹೋಗುವ ಹಾಗಿಲ್ಲ. ಅದೂ ಅಲ್ಲದೆ ಬಾಯಲ್ಲಿ ಹೇಳಲು ಹೋದರೆ ನಾನು ಅತ್ತುಬಿಡುತ್ತೇನೆ, ನೀನು ಏನು ಹೇಳಬೇಕೋ ತಿಳಿಯದೆ ಫೋನ್ ಇಟ್ಟುಬಿಡುತ್ತೀ. ನಿನ್ನ ಗುಣ ನನಗೆ ಗೊತ್ತಿಲ್ಲವೇ?

ದೀಪಾವಳಿಯ ಮುಂದೆ ಹುಲ್ಲಿನ ಹೇರಿನ ಮೇಲಿಂದ ಬಿದ್ದಾಗಿನಿಂದ ಅವರಿಗೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಬೆನ್ನಿನ ನೋವು ಮಾತ್ರ ಎಲ್ಲ ತಿಳಿಯುತ್ತದೆ. ದಾಂಡೇಲಿಯ ಡಾಕ್ಟರು ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ, ಕಸರತ್ತು ಕಲಿಸಿದರೆ ಗಾಲಿಕುರ್ಚಿಯಲ್ಲಿ ತಾವೇ ಓಡಾಡಿಕೊಳ್ಳುತ್ತಾರೆ ಎಂದಿದ್ದಾರೆ. ಡಿಸೆಂಬರಿನಲ್ಲಿ ನಮ್ಮದೇ ಪಿಕಪ್ಪಿನ ಹಿಂದೆ ಗಾದಿ ಹಾಸಿ, ಜನ ಸೇರಿ ಭತ್ತದ ಚೀಲ ಎತ್ತಿದ ಹಾಗೆ ಎತ್ತಿ ಹಾಕಿದೆವು. ಜೋಯಿಡಾ ಮುಟ್ಟುವ ಮೊದಲೇ "ಸಾಕ, ಹೊಳ್ಳಸ" ಎಂದರು. ಮನೆಗೆ ಬಂದು ನೋಡಿದರೆ ತುಟಿ ಕಚ್ಚಿಕೊಂಡು ರಕ್ತ ಬಂದಿತ್ತು. ಅಂದಿನಿಂದ ಮುಂದಿನ ಕೋಣೆಯ ಮಂಚ ಬಿಟ್ಟು ಅಲುಗಿಲ್ಲ.

ಆ ಪಿಕಪ್ಪು ನಿನಗೆ ಗೊತ್ತು. ಹೆಚ್ಚು ಹೇರಬಹುದೆಂದು ಹಿಂಭಾಗ ಎತ್ತರಿಸಿ, ಅಡಿಯಲ್ಲಿ ಉಕ್ಕಿನ ಪಾಟಾದ ಮೇಲೆ ಪಾಟಾ ಕೂರಿಸಿ ನಿಂತಲ್ಲೇ ಮುಗ್ಗರಿಸುವ ಹಾಗೆ ಮಾಡಿಟ್ಟಿದ್ದಾರೆ. ಹೇರಿದ್ದಾಗ ಆನೆಯ ಹಾಗೆ ನಡೆಯುತ್ತದೆ, ಖಾಲಿ ಇದ್ದಾಗ ಕತ್ತೆಯ ಹಾಗೆ ಒದೆಯುತ್ತದೆ. ಅದರ ಹಿಂಭಾಗ ಇಳಿಸಿ ಮೆತ್ತಗೆ ಮಾಡಿಕೊಡು. ಹಲಗೆಯ ಮೇಲೆ ಕುರ್ಚಿ ತಳ್ಳಿಕೊಂಡು ಒಬ್ಬರೇ ಹತ್ತಿಸುವಂತಿರಬೇಕು.

ಅವರನ್ನು ಕೇಳಿದೆಯಾ ಎನ್ನಬೇಡ. ಕೇಳಿದೆ. "ಗಾಡಿ ಯಾರೂ ಮುಟ್ಟಬ್ಯಾಡ್ರಿ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಮುಖ ಮಾತ್ರ. ಮೈ ತಿರುಗಿಸಬೇಕಾದರೆ ನಾನೇ ಬರಬೇಕು. ಹಗಲೂ ರಾತ್ರಿ ಅದೇ ನನ್ನ ಕೆಲಸ, ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ. ಅತ್ತೆಗೆ ವಯಸ್ಸಾಯಿತು, ಅವರಿಂದ ಆಗದು.

ಇನ್ನೊಂದು ಮಾತಿದೆ. ಮುಂಡಗೋಡ ಕಡೆಯ ಇಂದೂರಿನಿಂದ ಅವರ ಅಕ್ಕ ಮಾಲವ್ವ ಸಂಕ್ರಾಂತಿಗೆ ಬಂದಿದ್ದರು. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಒಂದೆರಡು ತಿಂಗಳ ನಮ್ಮಲ್ಲಿ ತಂದ ಬಿಡ, ಸುನಂದಾ. ನೀ ಸ್ವಲ್ಪ ಉಸಿರ ಬಿಡು" ಎಂದರು. ನಾನು "ನೋಡೂಣು ಬಿಡ್ರಿ" ಎಂದೆ. ಬಾಯಲ್ಲಿ ಅಷ್ಟೇ. ಒಳಗೆ ಆಸೆಯಾಯಿತು ಸಿದ್ದೂ, ಉಪವಾಸ ಇದ್ದವರಿಗೆ ಅನ್ನದ ಮೇಲೆ ಆಗುವಂಥ ಆಸೆ. ಇಂದೂರು ದೂರ. ಗಾಡಿ ಮೆತ್ತಗಾಗದೆ ಅಲ್ಲಿಗೆ ಹೋಗುವ ಮಾತೇ ಇಲ್ಲ. ಈಗ ಹೇಳು, ನಾನು ಗಾಡಿ ಇಳಿಸಲು ಹೇಳುತ್ತಿರುವುದು ಯಾರಿಗಾಗಿ?

ಆರ್‌ಟಿಒ ಪಾಸಿಂಗಿಗೆ ಹೋಗಬೇಕೆಂದು ಸುಳ್ಳು ಹೇಳಿ ಡ್ರೈವರ್ ಮಹಾಬಳೇಶ್ವರನ ಕೈಲಿ ಗಾಡಿ ಕಳಿಸುತ್ತೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ದಾರಿ ಕಾಯುವ
ನಿನ್ನ ಅಕ್ಕ ಸುನಂದಾ

*

ದಾಂಡೇಲಿ
೯ ಫೆಬ್ರವರಿ ೨೦೨೪

ಅಕ್ಕಾ,

ಗಾಡಿ ಬಂತು. ಜಾಕ್ ಹಚ್ಚಿ ಕೆಳಗೆ ನುಗ್ಗಿ ನೋಡಿದೆ. ಮಾಮಾ ಗಾಡಿ ಇಟ್ಟುಕೊಂಡಿದ್ದರೋ, ಗೋದಾಮು ಕಟ್ಟಿಸಿದ್ದರೋ! ಹಿಂದಿನ ಅಚ್ಚಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ಗಟ್ಟಿ ಕೊಟ್ಟು ಎತ್ತರಿಸಿದ್ದಾರೆ. ಪಾಟಾ ಎಂದರೆ ಬಾಗಿದ ಉಕ್ಕಿನ ಪಟ್ಟಿಗಳು, ಒಂದರ ಮೇಲೊಂದು ಕೂತು ಭಾರ ತಾಳುತ್ತವೆ. ಕಂಪನಿಯವರು ಕೊಟ್ಟದ್ದು ಸಾಲದೆಂದು ಮೇಲೆ ಇವರವೂ ಸೇರಿವೆ. ಅಷ್ಟು ಪಾಟಾ ಬಾಗಬೇಕಾದರೆ ಮೈತುಂಬ ಹೇರು ಬೇಕು. ಒಬ್ಬ ಮನುಷ್ಯ, ಒಂದು ಗಾದಿ ಹಾಕಿದರೆ ಅದಕ್ಕೆ ಸೊಳ್ಳೆ ಕೂತ ಹಾಗೆ. ಗುಂಡಿಯ ಏಟೆಲ್ಲ ನೇರ ಬೆನ್ನಿಗೇ.

ಗಟ್ಟಿ ತೆಗೆಯುತ್ತೇನೆ, ಹೆಚ್ಚಿನ ಪಾಟಾ ಬಿಚ್ಚುತ್ತೇನೆ, ಮೇಲೆ ಕಂಪನಿಯದೇ ಇನ್ನೊಂದನ್ನೂ ಬಿಚ್ಚುತ್ತೇನೆ. ಪಾಟಾ ಕಡಿಮೆಯಾದಷ್ಟೂ ಮೆತ್ತಗೆ. ಕುರ್ಚಿ ಹತ್ತಿಸಲು ತಗಡಿನ ಇಳಿಜಾರು ಹಲಗೆ ಮಾಡಿಸುತ್ತೇನೆ. ಒಂದು ತಮಾಷೆ ಕೇಳು. ಗ್ಯಾರೇಜ್ ಇಟ್ಟಾಗಿನಿಂದ ಇಲ್ಲಿಗೆ ಬಂದವರೆಲ್ಲ "ಎತ್ತರ ಮಾಡಪಾ, ಇನ್ನೊಂದ ಪಾಟಾ ಹಾಕಪಾ" ಎಂದವರೇ. ಕಬ್ಬಿನವರು, ಉಸುಕಿನವರು, ಎಲ್ಲರೂ. ಇಳಿಸು ಎಂದವಳು ನೀನೊಬ್ಬಳೇ.

ಯಾರಿಗಾಗಿ ಎಂದು ಕೇಳಿದ್ದೀ. ಯಾರಿಗಾದರೂ ಇರಲಿ, ಆಸೆಯಾಗುವುದು ಪಾಪವಲ್ಲ ಅಕ್ಕಾ. ಕಳೆದ ಸಲ ನಾನು ಅಲ್ಲಿಗೆ ಬಂದಾಗ ನೀನು ಊಟದ ತಾಟಿನ ಮುಂದೆ ಕೂತಲ್ಲೇ ನಿದ್ದೆ ಹೋಗಿದ್ದೆ. ತಾಟು ನಾನೇ ಸರಿಸಿಟ್ಟೆ.

ಮಾಮಾ ಕೇಳಿದರೆ ಬೈಗುಳ ನನಗೇ ಇರಲಿ.

ನಿನ್ನ ಸಿದ್ದೂ

*

ಕುಂಬಾರವಾಡ
೨೬ ಫೆಬ್ರವರಿ ೨೦೨೪

ಸಿದ್ದಲಿಂಗ,

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೀ!

ಗಾಡಿ ನೋಡಲು ಚೆಂದವಾಗಿದೆ, ಇಳಿದು ಸಾಧುವಾಗಿ ನಿಂತಿದೆ. ಹಲಗೆ ಹಚ್ಚಿದರೆ ಕುರ್ಚಿ ಸಲೀಸಾಗಿ ಏರುತ್ತದೆ. ಅವರನ್ನು ಹಾಕುವ ಮೊದಲು ನಾನೇ ಪರೀಕ್ಷೆ ಮಾಡಿಬಿಡೋಣವೆಂದು ಹಿಂದೆ ಗಾದಿ ಹಾಸಿ ಅಂಗಾತ ಮಲಗಿದೆ. ಮಹಾಬಳೇಶ್ವರನಿಗೆ ಉಳವಿ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಾ ಎಂದೆ. ಎದುರಿಗೆ ಬಂದ ಮುದುಕಿಯೊಬ್ಬಳು ಹೆಣ ಎಂದು ತಿಳಿದು ಕೈಮುಗಿದಳಂತೆ. ನಗಬೇಡ. ಮೊದಲ ಗುಂಡಿಗೇ ನನಗೆ ಶಿವ ಕಂಡ. ಮೊದಲಾದರೂ ಗಾಡಿ ಎತ್ತಿ ಒಗೆಯುತ್ತಿತ್ತು, ಈಗ ಕೆಳಗಿನಿಂದ ಯಾರೋ ಕೊಡಲಿಕಾವಿನಿಂದ ಹೊಡೆದ ಹಾಗೆ ಧಡ್ ಎನ್ನುತ್ತದೆ. ಟಾರು ಇದ್ದಲ್ಲಿ ಸುಮ್ಮನಿರುತ್ತದೆ, ಟಾರು ಕಿತ್ತಲ್ಲಿ ಧಡ್, ಮತ್ತೆ ಧಡ್. ನೀನು ದಾಂಡೇಲಿಯ ಪೇಟೆಯಲ್ಲಿ ಓಡಿಸಿ ನೋಡಿರಬೇಕು.

ಮಲಗಿದ್ದಾಗ ಇನ್ನೊಂದು ತಿಳಿಯಿತು. ಕೂತವರಿಗೆ ಗುಂಡಿ ಕಾಣುತ್ತದೆ, ಮೈ ಬಿಗಿ ಹಿಡಿಯುತ್ತಾರೆ. ಮಲಗಿದವರಿಗೆ ಮರದ ತುದಿ, ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಏಟು ಯಾವಾಗ ಬೀಳುತ್ತದೆಂದು ಕಾಯುವುದೇ ಕೆಲಸ. ಡಿಸೆಂಬರಿನಲ್ಲಿ ಅವರು ಜೋಯಿಡಾವರೆಗೆ ಹಾಗೇ ಮಲಗಿದ್ದರು. ನಾನು ಮುಂದೆ ಡ್ರೈವರ್ ಪಕ್ಕ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಅದನ್ನು ನೆನೆದು ನನಗೆ ಅಳು ಬಂತು.

ಅಂಗಳದಲ್ಲಿ ಇಳಿದು ಒಳಗೆ ಹೋದರೆ ಅವರು ಕಾಯುತ್ತಿದ್ದರು. ಕಿಟಕಿಯಿಂದ ಸದ್ದು ಕೇಳಿದ್ದಾರೆ.

"ಪಾಟಾ ಬಿಚ್ಚಿಸಿಯೇನ?" ಎಂದರು.

"ಹೌದ್ರಿ."

"ಮುಟ್ಟಬ್ಯಾಡ್ರಿ ಅಂದಿದ್ನಿಲ್ಲ?"

"ಮತ್ತ ಕೇಳಿದ್ರ ಹೂಂ ಅಂತಿದ್ರೇನು? ನಿಮಗಾಗೇ ಮಾಡಿಸಿದ್ದು."

"ನನಗಾಗಿ?" ಎಂದು ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅಂದಿನಿಂದ ಮಾತಿಲ್ಲ. ಮಗ್ಗುಲು ಹೊರಳಿಸುವಾಗ ನನ್ನ ಕೊರಳಿಗೆ ಕೈ ಹಾಕುತ್ತಾರೆ, ಕಣ್ಣು ಮುಚ್ಚಿಕೊಳ್ಳುತ್ತಾರೆ. ಅತ್ತೆ ಬೇರೆ, "ಗಂಡನ ಮಾತ ಕೇಳದ ಗಾಡಿ ಮುಟ್ಟಿದ್ರ ಹಿಂಗ" ಎನ್ನುತ್ತಾರೆ. ಕೋಣೆಯಲ್ಲಿ ಅವರು ಮಲಗಿದ್ದಾರೆ, ನಾನು ನಿಂತಿದ್ದೇನೆ, ಇಬ್ಬರದೂ ಸೆರೆವಾಸವೇ. ಅತ್ತ ದರಿ ಇತ್ತ ಪುಲಿ. ನಾನೇನು ಮಾಡಲಿ?

ಸುನಂದಾ

*

ದಾಂಡೇಲಿ
೨ ಮಾರ್ಚ್ ೨೦೨೪

ಅಕ್ಕಾ,

ತಪ್ಪಾಯಿತು. ಪೇಟೆಯಲ್ಲೇ ಓಡಿಸಿ ನೋಡಿದೆ, ಮೆತ್ತಗಿತ್ತು. ಪಾಟಾ ಇನ್ನೂ ಬಿಗಿಯಾಗಿರಬೇಕು, ಮತ್ತೊಂದು ಬಿಚ್ಚಿದರೆ ಸರಿಹೋದೀತು. ಗಾಡಿ ಕಳಿಸು.

ನಿಜ ಹೇಳಬೇಕೆಂದರೆ ನನಗೂ ಖಾತ್ರಿಯಿಲ್ಲ. ಎತ್ತರಿಸುವುದು ಕಣ್ಣುಮುಚ್ಚಿ ಮಾಡುತ್ತೇನೆ, ಇಳಿಸುವುದು ನನ್ನ ಕೈಗೆ ಹೊಸದು. ಯಾರನ್ನು ಕೇಳಲಿ? ಕೇಳಬೇಕಾದವರು ನಿಮ್ಮ ಮುಂದಿನ ಕೋಣೆಯಲ್ಲೇ ಇದ್ದಾರೆ, ಅವರು ಮಾತು ಬಿಟ್ಟಿದ್ದಾರೆ.

ಸಿದ್ದೂ

*

ಕುಂಬಾರವಾಡ
೧೦ ಮಾರ್ಚ್ ೨೦೨೪

ಸಿದ್ದಲಿಂಗನಿಗೆ ಉಳವಪ್ಪನ ಬರಹ.

ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಹೇಗೂ ಇರಲಿ, ಓದಿಕೋ. ಮತ್ತೊಂದು ಪಾಟಾ ಬಿಚ್ಚುತ್ತೀಯೆಂದು ಮಹಾಬಳೇಶ್ವರ ಹೇಳಿದ. ಬಿಚ್ಚಬೇಡ. ಬಿಚ್ಚಿದರೆ ಇನ್ನೂ ಹೆಚ್ಚು ಬಡಿಯುತ್ತದೆ. ಅದು ಪಾಟಾದ ಸದ್ದಲ್ಲ. ಪಾಟಾ ಬಿಗಿಯಿದ್ದರೆ ಗಾಡಿ ಪುಟಿಯುತ್ತದೆ. ಧಡ್ ಎಂದರೆ ಅಚ್ಚು ಮೇಲೆದ್ದು ಎಲ್ಲಿಯೋ ತಾಗುತ್ತಿದೆ ಎಂದರ್ಥ.

ಚಾಸಿ ಚೌಕಟ್ಟಿನ ಕೆಳಗೆ ಏಟು ತಡೆಯುವ ಕಂಪನಿಯ ರಬ್ಬರ್ ಗುಬಟು ಇದೆಯಲ್ಲ, ಅದರ ಕೆಳಗೆ ನಾನು ಹಳೆಯ ಟಾಯರು ಕೊಯ್ದು ಇನ್ನೊಂದು ರಬ್ಬರ್ ಬಿಗಿದಿದ್ದೇನೆ. ಮಣ್ಣು ಮೆತ್ತಿ ಕಾಣುವುದಿಲ್ಲ. ಹೇರು ಹೆಚ್ಚಾದಾಗ ಗಾಡಿ ಅದರ ಮೇಲೆ ಕೂತು ತಡೆದುಕೊಳ್ಳಲಿ ಎಂದು. ಗಾಡಿ ಎತ್ತರವಿದ್ದಾಗ ಅಚ್ಚಿಗೂ ಅದಕ್ಕೂ ಬೇಕಾದಷ್ಟು ಜಾಗವಿತ್ತು. ನೀನು ಇಳಿಸಿದ ಮೇಲೆ ಜಾಗ ಎಲ್ಲಿ ಉಳಿಯಿತು? ಸಣ್ಣ ಗುಂಡಿಗೂ ಹೋಗಿ ಬಡಿಯುತ್ತದೆ. ನನ್ನ ರಬ್ಬರ್ ಕಿತ್ತೊಗೆ. ಕಂಪನಿಯದನ್ನು ಮುಟ್ಟಬೇಡ. ಕೊನೆಗೆ ಬಿಚ್ಚಿದ ಒಂದು ಪಾಟಾ ತಿರುಗಿ ಹಾಕು. ಶಾಕ್‌ಅಬ್ಸಾರ್ಬರ್ ಎತ್ತರದ ಗಾಡಿಯದು, ಈಗ ಪೂರ್ತಿ ಒತ್ತಿಕೊಂಡು ನಿಂತಿರುತ್ತದೆ, ಗಿಡ್ಡದ್ದು ಹಾಕು. ಪಾಟಾ ಬಿಡಿಸಿ ತುಕ್ಕು ಉಜ್ಜಿ ಗ್ರೀಸ್ ಹಚ್ಚು. ಟಾಯರಿನ ಗಾಳಿಯನ್ನೂ ಸ್ವಲ್ಪ ಇಳಿಸು, ಇನ್ನು ಮೇಲೆ ಇದರಲ್ಲಿ ಹೇರು ಹೋಗುವುದಿಲ್ಲ.

ಇದನ್ನು ಹೇಳಬಾರದೆಂದೇ ಇದ್ದೆ. ನಿಮ್ಮಕ್ಕ ಆ ಗಾಡಿಯಲ್ಲಿ ಮಲಗಿ ಹೋಗಿ ಬಂದಳು. ಒಳಗೆ ಬಂದಾಗ ಮುಖ ನೋಡಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆ. ಗಾಡಿ ಮೆತ್ತಗಾದ ಮೇಲೆ ನನ್ನನ್ನು ಎಲ್ಲಿಗೆ ಒಯ್ಯುವ ವಿಚಾರ ನಿಮ್ಮದು? ಆಸ್ಪತ್ರೆಗೋ, ಬೇರೆ ಎಲ್ಲಿಗೋ? ನಿನಗೆ ಗೊತ್ತಿರಬೇಕು.

ಉಳವಪ್ಪ

*

ದಾಂಡೇಲಿ
೨೧ ಮಾರ್ಚ್ ೨೦೨೪

ಮಾಮಾ,

ನೀವು ಹೇಳಿದ್ದು ಹೇಳಿದ ಹಾಗೆಯೇ ಇತ್ತು. ಆ ರಬ್ಬರ್ ಕೊಯ್ದು ತೆಗೆಯುವಷ್ಟರಲ್ಲಿ ನನ್ನ ಕೈ ಸೋತು ಹೋಯಿತು, ಅಷ್ಟು ಬಿಗಿದಿದ್ದಿರಿ. ಎಲ್ಲ ಮಾಡಿ ಈ ಸಲ ಪೇಟೆ ಬಿಟ್ಟು ಕೋಗಿಲಬನದ ಆಚೆ ಕಚ್ಚಾ ರಸ್ತೆಯಲ್ಲಿ ಓಡಿಸಿದೆ. ಹಿಂದೆ ನೀರು ತುಂಬಿದ ಕೊಡ ಇಟ್ಟುಕೊಂಡಿದ್ದೆ, ತುಳುಕಿದ್ದು ಸ್ವಲ್ಪವೇ.

ನಿಮ್ಮ ಪ್ರಶ್ನೆಯನ್ನು ಅಕ್ಕನಿಗೇ ಕೇಳಿರಿ. ಒಂದೇ ಕೋಣೆಯಲ್ಲಿ ಇರುವವರಿಗೆ ದಾಂಡೇಲಿಯ ನಾನು ನಡುವೆ ಯಾಕೆ?

ನಿಮ್ಮ ಸಿದ್ದಲಿಂಗ

*

ಕುಂಬಾರವಾಡ
೫ ಏಪ್ರಿಲ್ ೨೦೨೪

ಸಿದ್ದೂ,

ಮೊನ್ನೆ ನಾವು ಆಸ್ಪತ್ರೆಗೆಂದು ದಾಂಡೇಲಿಗೆ ಬಂದಾಗ ನಿನ್ನ ಗ್ಯಾರೇಜಿಗೆ ಬೀಗವಿತ್ತು, ಸಾಮಾನು ತರಲು ಹಳಿಯಾಳಕ್ಕೆ ಹೋಗಿದ್ದೆಯಂತೆ. ನೀನಿದ್ದಿದ್ದರೆ ನನಗೆ ಧೈರ್ಯವಾಗುತ್ತಿತ್ತೋ ಏನೋ.

ಆಸ್ಪತ್ರೆ ಎಂದದ್ದಕ್ಕೆ ಈ ಸಲ ಅವರು ತಲೆಯಾಡಿಸಿದ್ದರು. ಮಹಾಬಳೇಶ್ವರ ಒಬ್ಬನೇ ಕುರ್ಚಿ ತಳ್ಳಿ ಗಾಡಿ ಹತ್ತಿಸಿದ. ಗಾದಿಯ ಮೇಲೆ ಮಲಗಿಸಿ ನಾನು ಅವರ ತಲೆಯ ಹತ್ತಿರ ಕೂತೆ. ಗುಂಡಿ ಕಂಡಾಗೆಲ್ಲ "ಬಂತ್ರಿ" ಎನ್ನುತ್ತಿದ್ದೆ, ಅವರು ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಜೋಯಿಡಾ ದಾಟಿತು. "ಹೆಂಗನಸ್ತದ್ರಿ?" ಎಂದೆ. "ಮೊದಲಿಗಿಂತ ಪಾಡ ಐತಿ" ಎಂದರು. ತಿಂಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ಡಾಕ್ಟರು ಬೆನ್ನು ನೋಡಿ, ಒಂದೂ ಹುಣ್ಣಿಲ್ಲ, ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದರು.

ಆಸ್ಪತ್ರೆಯಿಂದ ಹೊರಟ ಮೇಲೆ ಅವರು ಗಾಡಿಯ ಗೋಡೆ ಬಡಿದು ಕೂಗಿದರು. "ಮಹಾಬಳೇಶಾ, ಹಳಿಯಾಳ ಹಾದಿ ಹಿಡಿ. ಇಂದೂರಿಗೆ ಹೋಗೂಣು."

ನಾನು ಅವರ ಕಡೆ ಬಗ್ಗಿದೆ. "ಯಾಕ್ರಿ?" ಎಂದೆ.

"ಮಾಲಕ್ಕ ಕರದಾಳಲ್ಲ. ನೀ ನೋಡೂಣು ಅಂದಿ."

"ಅದು ನಿಮಗ..."

"ಕಾಲಷ್ಟ ಹೋಗ್ಯಾವ ಸುನಂದಾ, ಕಿವಿ ಅಲ್ಲ. ಅಡಗಿಮನಿ ಮಾತ ಎಲ್ಲಾ ಕೇಳಸ್ತಾವ."

ಬೇಡ, ಮನೆಗೆ ಹೋಗೋಣ ಎನ್ನಬೇಕಿತ್ತು. ಯಾವ ಹೆಂಡತಿಯಾದರೂ ಅನ್ನುತ್ತಿದ್ದಳು. ನಾನು ಅನ್ನಲಿಲ್ಲ. ಹಳಿಯಾಳ ದಾಟಿತು, ಕಲಘಟಗಿ ದಾಟಿತು, ಮುಂಡಗೋಡ ಬಂತು, ಇಂದೂರೂ ಬಂತು. ಎಲ್ಲಿಯೂ ನನ್ನ ಬಾಯಿ ತೆರೆಯಲಿಲ್ಲ. ಗುಂಡಿ ಬಂದಾಗ "ಬಂತ್ರಿ" ಎಂದದ್ದಷ್ಟೇ. ಮಾಲವ್ವ ಪಡಸಾಲೆಯಲ್ಲಿ ಮಂಚ ಹಾಕಿಸಿದರು. ಮಗ್ಗುಲು ಹೊರಳಿಸುವುದನ್ನು ಅವರ ಮಗ ರೋಹಿತನಿಗೆ ತೋರಿಸಿಕೊಟ್ಟೆ. ಹೊರಡುವಾಗ "ಹೋಗಿ ಬರ್ತೇನ್ರಿ" ಎಂದರೆ ಮಲಗಿದ್ದ ಅವರು ಮೇಲಿನ ಮಾಡು ನೋಡುತ್ತಾ "ಹೂಂ" ಎಂದರು.

ಖಾಲಿ ಗಾಡಿಯಲ್ಲಿ ಮುಂದೆ ಕೂತು ಬಂದೆ. ನೀನು ಬಹಳ ಚೆನ್ನಾಗಿ ಮಾಡಿದ್ದೀ ಸಿದ್ದೂ, ಎಲ್ಲಿಯೂ ಒಂದು ಏಟು ಬೀಳಲಿಲ್ಲ. ಮನೆಗೆ ಬಂದು ನಡುಮನೆಯಲ್ಲಿ ಚಾಪೆ ಹಾಸಿ ಬಿದ್ದವಳು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಅತ್ತೆಯೇ ರೊಟ್ಟಿ ಬಡಿದಿದ್ದರು. ಎದ್ದವಳೇ ಹೊತ್ತು ಮೀರಿತೆಂದು ಮುಂದಿನ ಕೋಣೆಗೆ ಓಡಿದೆ. ಮಂಚಕ್ಕೆ ಬಗ್ಗಿ ಎರಡೂ ಕೈ ಚಾಚಿದ ಮೇಲೆ ಅವರಿಲ್ಲವೆಂದು ನೆನಪಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಹೀಗೆ ಆಗಿದೆ ನಿನ್ನ ಅಕ್ಕನ ಕಥೆ.
ಸುನಂದಾ

*

ಕುಂಬಾರವಾಡ
೨೨ ಏಪ್ರಿಲ್ ೨೦೨೪

ಶ್ರೀ ಉಳವಪ್ಪನವರಿಗೆ,

ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಬಿಟ್ಟಿರುವ ಸಂದರ್ಭವೇ ಬಂದಿರಲಿಲ್ಲ.

ಅತ್ತೆ ಆರಾಮಾಗಿದ್ದಾರೆ, ನಿಮ್ಮನ್ನು ಕೇಳುತ್ತಿರುತ್ತಾರೆ. ನಾನು ನಿದ್ದೆ ಮಾಡುತ್ತಿದ್ದೇನೆ. ಬಿಸಿ ಇರುವಾಗಲೇ ಉಣ್ಣುತ್ತಿದ್ದೇನೆ. ಒಂದು ಸಂಜೆ ಗುಡ್ಡ ಹತ್ತಿ ಸುಮ್ಮನೆ ಕೂತು ಬಂದೆ, ಫೋನ್ ತೆಗೆದುಕೊಂಡು ಹೋಗಿರಲಿಲ್ಲ. ಜನ ಏನಂತಾರೋ ಎಂದು ಬರುವಾಗ ತಲೆಯ ಮೇಲೆ ಸೌದೆ ಹೊತ್ತು ಬಂದೆ.

ನನಗೆ ಇನ್ನೂ ಸ್ವಲ್ಪ ದಿನ ಬೇಕು. ಇದನ್ನು ಹೇಗೆ ಬರೆಯುವುದೆಂದು ಕಾಗದ ಹರಿದು ಹರಿದು ಹಾಕಿದೆ, ಕೊನೆಗೆ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಮೇಲಿನ ಸಿಟ್ಟಲ್ಲ. ದಣಿವು. ಅದು ಇಷ್ಟು ದೊಡ್ಡದೆಂದು ಮಲಗಿ ಎದ್ದ ಮೇಲೇ ತಿಳಿಯಿತು. ಅಡುಗೆಮನೆಯ ಮಾತು ನೀವು ಕೇಳಿಸಿಕೊಂಡದ್ದು ನಿಜ, ನನಗೆ ಆಸೆಯಾದದ್ದೂ ನಿಜ. ನೀವು ಬೈದರೆ ಬೈಸಿಕೊಳ್ಳುತ್ತೇನೆ.

ರೋಹಿತ ಹೊರಳಿಸುವಾಗ ಮೊದಲು ಎಡಗೈ ಎದೆಯ ಮೇಲೆ ಇಡಬೇಕು, ಮರೆತರೆ ಹೇಳಿರಿ.

ನಿಮ್ಮ
ಸುನಂದಾ

*

ಇಂದೂರ
೩೦ ಏಪ್ರಿಲ್ ೨೦೨೪

ಸುನಂದಾ,

ಪತ್ರ ಮುಟ್ಟಿತು. ಬೈಯುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅದೇ ತ್ರಾಸು. ಪಡಸಾಲೆಯಲ್ಲಿ ಮಲಗಿದವನನ್ನು ಬಂದವರೆಲ್ಲ ಮಾತಾಡಿಸಿ ಹೋಗುತ್ತಾರೆ, ಎದ್ದು ಒಳಗೆ ಹೋಗುವಂತಿಲ್ಲ. ಮಗ್ಗುಲು ನೋಯುವಾಗ ಕೂಗಲು ಸಂಕೋಚ. ನಿನ್ನ ಮುಂದೆ ನನಗೆ ಸಂಕೋಚವೆಂಬುದೇ ಇರಲಿಲ್ಲ, ಸ್ವಲ್ಪ ಇರಬೇಕಿತ್ತು. ರೋಹಿತ ಪಾಪ ನನ್ನನ್ನು ಗಾಜಿನ ಸಾಮಾನಿನ ಹಾಗೆ ಹಿಡಿಯುತ್ತಾನೆ.

ಗಾಡಿ ಮುಟ್ಟಬೇಡಿ ಎಂದು ನಾನು ಹಟ ಮಾಡಿದ್ದನ್ನು ನೀನು ಹೇರಿನ ಆಸೆಯೆಂದು ತಿಳಿದಿರಬೇಕು. ಇನ್ನು ಹೇರು ಎಲ್ಲಿಯದು, ಅಷ್ಟು ತಿಳಿಯದವನಲ್ಲ. ಗಾಡಿ ಹಾಗೆ ಒದೆಯುತ್ತಿದ್ದರೆ ನನ್ನನ್ನು ಅದರಲ್ಲಿ ಹಾಕಿ ಯಾರೂ ಎಲ್ಲಿಗೂ ಒಯ್ಯಲಾರರು, ಅದೊಂದೇ ನನ್ನ ಧೈರ್ಯವಾಗಿತ್ತು. ಮಾಲಕ್ಕ ನಿನ್ನ ಹತ್ತಿರ ಆ ಮಾತು ಆಡಿದ ಮೇಲೆ ಗಾಡಿ ಇಳಿಸಲು ಹೋಯಿತು. ಬಿಟ್ಟು ಬರಲು ಒಯ್ಯುತ್ತೀಯೆಂದೇ ತಿಳಿದೆ. ಹೆದರಿದ್ದೆ ಸುನಂದಾ. ಹೆದರಿಕೆ ಎನ್ನಲು ಬಾಯಿ ಬರಲಿಲ್ಲ, ಮಾತು ಬಿಟ್ಟೆ. ಒಯ್ಯುವವರೆಗೆ ಕಾಯುವುದಕ್ಕಿಂತ ನಾನೇ ಹೇಳಿಬಿಡುವುದು ಪಾಡೆನಿಸಿ ಅಂದು ಹಳಿಯಾಳದ ದಾರಿ ಹಿಡಿಸಿದೆ. ನೀನು ಬೇಡ ಎಂದೀಯೇನೋ ಎಂದು ಮುಂಡಗೋಡದವರೆಗೂ ಕಾದೆ. ಅನ್ನಲಿಲ್ಲ. ನಿನಗೆ ಎಷ್ಟು ಸಾಕಾಗಿತ್ತೆಂದು ಆಗ ತಿಳಿಯಿತು.

ನಿದ್ದೆ ಮಾಡು. ಗುಡ್ಡಕ್ಕೆ ಹೋಗು. ಸೌದೆ ಹೊರಬೇಡ, ಕೇಳಿದವರಿಗೆ ಗಂಡನೇ ಹೋಗು ಅಂದಾನ ಎನ್ನು. ಎಷ್ಟು ದಿನ ಬೇಕೋ ಅಷ್ಟು ದಿನ ಇರುತ್ತೇನೆ, ಅವಸರವಿಲ್ಲ.

ಕರೆಸುವಾಗ ಮಾತ್ರ ಮಹಾಬಳೇಶ್ವರನ ಕೈಲಿ ಗಾಡಿ ಒಂದನ್ನೇ ಕಳಿಸಬೇಡ. ನೀನೂ ಬಾ.

ಉಳವಪ್ಪ